ಗವಿಯ ಹೊರಗೆ ಕೂತು ಬಾವಲಿ ಎಣಿಸುವ ಬಗೆ

ಸಂಜೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಹುಳು ಮನೆಯ ಬಾಗಿಲು ಎಳೆದುಕೊಂಡು ನಾನು ಗುಡ್ಡದ ಕಡೆ ಹೊರಡುತ್ತೇನೆ. ಕೈಯಲ್ಲಿ ಒಂದು ಗೋಣಿಚೀಲ, ಮಗನ ಹಳೇ ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು. ಊರ ಹಿಂದೆ ಗುಡ್ಡದ ಬುಡದಲ್ಲಿ ಒಂದು ಪಾಳು ಮಂಟಪ ಇದೆ. ಅದರ ಬೆನ್ನಿಗೆ ಎರಡು ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿಕೊಂಡು ಪುಟ್ಟ ಗವಿಯಾಗಿದೆ. ಗವಿಯ ಬಾಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಗೋಣಿ ಹಾಸಿ ಕೂರುತ್ತೇನೆ. ಕತ್ತಲಾಗುವಾಗ ಬಾವಲಿಗಳು ಒಂದೊಂದೇ ಹೊರಗೆ ಬರುತ್ತವೆ. ಒಂದು ಬಂದರೆ ಒಂದು ಗೆರೆ ಎಳೆಯುತ್ತೇನೆ. ಆರು ವರ್ಷದಿಂದ ಇದೇ ಕೆಲಸ.

ಇದನ್ನು ಯಾರು ಬೇಕಾದರೂ ಕಲಿಯಬಹುದು. ದುಡ್ಡು ಬೇಕಿಲ್ಲ, ಓದು ಬೇಕಿಲ್ಲ. ಒಂದೂವರೆ ಗಂಟೆ ಅಲ್ಲಾಡದೆ ಕೂರುವ ತಾಳ್ಮೆ ಬೇಕು. ಹೇಗೆ ಅಂತ ಹೇಳುತ್ತೇನೆ. ಆದರೆ ಯಾಕೆ ಹೊರಗೇ ಕೂರಬೇಕು ಅನ್ನುವುದನ್ನು ಮೊದಲು ಹೇಳಬೇಕು. ಅದು ಗೊತ್ತಾಗದೆ ಕೂತರೆ ಎರಡನೇ ದಿನ ಒಳಗೆ ಇಣುಕುವ ಮನಸ್ಸಾಗುತ್ತದೆ.

ನಮ್ಮದು ಕೋಲಾರ ಜಿಲ್ಲೆ. ಇಲ್ಲಿನ ಹನುಮನಹಳ್ಳಿಯ ಗುಡ್ಡದಲ್ಲಿ ಒಂದು ಜಾತಿಯ ಬಾವಲಿ ಇದೆ. ಕೋಲಾರದ ಎಲೆಮೂಗಿನ ಬಾವಲಿ ಅನ್ನುತ್ತಾರೆ. ವಿಜ್ಞಾನದ ಹೆಸರು ಹಿಪ್ಪೊಸಿಡೆರೋಸ್ ಹೈಪೊಫಿಲ್ಲಸ್. ಮೊದಲ ಮಾತು ಗ್ರೀಕಿನಲ್ಲಿ ಕುದುರೆ ಲಾಳ ಅನ್ನುವ ಅರ್ಥದ್ದು. ಮೂಗಿನ ಸುತ್ತ ಲಾಳದ ಆಕಾರದಲ್ಲಿ ಚರ್ಮದ ಮಡಿಕೆ ಇರುತ್ತದೆ, ಅದಕ್ಕೆ. ಎರಡನೆಯದು ಕೆಳಗಿನ ಎಲೆ ಅನ್ನುವ ಅರ್ಥದ್ದು. 1994ರಲ್ಲಿ ಎಚ್.ಆರ್. ಭಟ್ ಮತ್ತು ಜರ್ಮನಿಯ ಡೀಟರ್ ಕಾಕ್ ಇಬ್ಬರೂ ಸೇರಿ ಇದು ಬೇರೆಯೇ ಜಾತಿ ಅಂತ ಜಗತ್ತಿಗೆ ತಿಳಿಸಿದರು. ಆಗ ಹನುಮನಹಳ್ಳಿಯ ಜೊತೆಗೆ ತೇರಹಳ್ಳಿಯಲ್ಲೂ ಇತ್ತು. ಆಮೇಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಮತ್ತು ಅವರ ಜೊತೆಯವರು ಬಂದು ಹುಡುಕಿದರು. ತೇರಹಳ್ಳಿಯಲ್ಲಿ ಸಿಗಲಿಲ್ಲ. ಹನುಮನಹಳ್ಳಿಯ ಒಂದೇ ಒಂದು ಗವಿಯಲ್ಲಿ ಸಿಕ್ಕಿತು. ಅಲ್ಲಿದ್ದದ್ದು 200ಕ್ಕಿಂತ ಕಡಿಮೆ. ಪ್ರಕೃತಿ ಉಳಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ 2016ರ ಕೆಂಪು ಪಟ್ಟಿಯಲ್ಲಿ ಇದು ಅಳಿವಿಗೆ ತೀರಾ ಹತ್ತಿರವಾದ ಜೀವಿಗಳ ಸಾಲಿಗೆ ಸೇರಿತು.

ನಮ್ಮೂರಿನ ಒಂದು ಮದುವೆ ಊಟದ ಪಂಕ್ತಿಯಲ್ಲಿ ಕೂರುವ ಜನಕ್ಕಿಂತ ಕಡಿಮೆ ಅದು. ಒಂದೇ ಗವಿ. ಇಡೀ ಭೂಮಿಯ ಮೇಲೆ.

ಇದನ್ನು ಕೇಳಿದವರೆಲ್ಲ ಮೊದಲು ಕೇಳುವುದು, "ಅಕ್ಕ, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ್ವಾ?" ಅಂತ. ಪ್ರೀತಿಯಿಂದಲೇ ಕೇಳುತ್ತಾರೆ. ಬೇಡ ಅನ್ನುತ್ತೇನೆ. ನಾನೂ ಹೋಗಿಲ್ಲ. ಕೋಲಾರದಲ್ಲೇ ಹುಟ್ಟಿ ಬೆಳೆದರೂ ಆ ಗವಿಯ ಬಾಗಿಲಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಅರಣ್ಯ ಇಲಾಖೆಯವರು, ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟಿನವರು ಅದನ್ನು ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಅಲ್ಲಿ ಕೆಲಸ ಇದೆ, ನಮಗಿಲ್ಲ. ನಮಗೆ ಕೆಲಸ ಇರುವುದು ನಮ್ಮ ನಮ್ಮ ಊರಿನ ಗವಿ, ಮಂಟಪ, ಹಾಳು ಬಾವಿಗಳ ಹತ್ತಿರ. ಅಲ್ಲಿ ಯಾರೂ ಕಾವಲಿಲ್ಲ.

ಗವಿಯೂ ಹುಳು ಮನೆಯೂ

ನಾನು ರೇಷ್ಮೆ ಸಾಕುವವಳು. ಗವಿ ಅಂದರೇನು ಅಂತ ನನಗೆ ಅರ್ಥವಾದದ್ದು ಹುಳು ಮನೆಯಿಂದ.

ದೊಡ್ಡ ಹುಳುಗಳಿಗೆ 24, 25 ಡಿಗ್ರಿ ಶಾಖ ಇರಬೇಕು. ಗಾಳಿಯಲ್ಲಿ ತೇವ ಇರಬೇಕು. ಬೇಸಿಗೆಯಲ್ಲಿ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುತ್ತೇವೆ, ಚಾವಣಿ ಮೇಲೆ ತೆಂಗಿನ ಗರಿ ಹಾಕಿ ನೀರು ಚಿಮುಕಿಸುತ್ತೇವೆ. ಜ್ವರಕ್ಕೆ ಕೂತ, ಅಂದರೆ ಪೊರೆ ಕಳಚಲು ಸುಮ್ಮನೆ ಕೂತ ಹುಳುವನ್ನು ಯಾರೂ ಮುಟ್ಟಬಾರದು, ಅಲುಗಿಸಬಾರದು. ಚಪ್ಪಲಿ ಹಾಕಿಕೊಂಡು ಒಳಗೆ ಬರಬಾರದು. ಹೊರಗಿನವರು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತೇವೆ. ಒಂದು ದಿನ ಹವೆ ಕೆಟ್ಟರೆ ಇಡೀ ಬೆಳೆ ಹೋಗುತ್ತದೆ. ರೇಷ್ಮೆ ಮಾಡುವವರಿಗೆಲ್ಲ ಇದು ಗೊತ್ತಿರುವ ವಿಷಯ.

ಗವಿಯಲ್ಲಿ ಈ ಕೆಲಸವನ್ನು ಬಂಡೆಯೇ ಮಾಡುತ್ತದೆ. ಹೊರಗೆ ಏಪ್ರಿಲ್ ಬಿಸಿಲಿಗೆ ಬಂಡೆ ಕಾದು ಕಾಲಿಡಲು ಆಗದಿದ್ದರೂ ಒಳಗೆ ತಂಪು. ಹೊರಗೆ ಡಿಸೆಂಬರಿನ ಚಳಿ ಇದ್ದರೆ ಒಳಗೆ ಬೆಚ್ಚಗೆ. ತೇವ ಆರುವುದಿಲ್ಲ. ಕತ್ತಲೆ ಹೋಗುವುದಿಲ್ಲ. ಬಾವಲಿಯ ರೆಕ್ಕೆ ಅಂದರೆ ತೆಳ್ಳನೆ ತೊಗಲು. ಒಣ ಗಾಳಿಯಲ್ಲಿ ಅದರಿಂದ ನೀರು ಬೇಗ ಆರಿಹೋಗುತ್ತದೆ. ಮರಿಗೆ ಮೊದಮೊದಲು ಕೂದಲೂ ಇರುವುದಿಲ್ಲ. ಹಾಗಾಗಿ ಬಾವಲಿಗೆ ಬೇಕಾದದ್ದು ಬರೀ ಒಂದು ತೂತಲ್ಲ, ಒಂದು ಹವೆ. ಎಲ್ಲ ಗವಿಯಲ್ಲೂ ಆ ಹವೆ ಸಿಗುವುದಿಲ್ಲ. ಈ ಗವಿ ಹೋದರೆ ಪಕ್ಕದ ಗವಿಗೆ ಹೋಗಲಿ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ನಿಮ್ಮ ಹುಳುಗಳನ್ನು ಎತ್ತಿ ದನದ ಕೊಟ್ಟಿಗೆಯಲ್ಲಿ ಇಟ್ಟರೆ ಗೂಡು ಕಟ್ಟುತ್ತವಾ?

ಆದರೆ ಹುಳುವಿಗೂ ಬಾವಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ರೇಷ್ಮೆ ಚಿಟ್ಟೆ 400, 500 ಮೊಟ್ಟೆ ಇಡುತ್ತದೆ. ಒಂದು ಬೆಳೆ ಹೋದರೆ ಇನ್ನೊಂದು ಚಾಕಿ, ಅಂದರೆ ಮರಿಹುಳು ತರಬಹುದು. ಎಲೆಮೂಗಿನ ಬಾವಲಿ ಹೆರುವುದು ಒಂದು ಸಲಕ್ಕೆ ಒಂದೇ ಮರಿ. ನಮ್ಮ ದೇಶದ ಹೆಚ್ಚಿನ ಬಾವಲಿಗಳ ಕಥೆಯೂ ಅದೇ. ಹಕ್ಕಿಯಂತೆ ನಾಲ್ಕು ಮೊಟ್ಟೆ ಇಟ್ಟು ಎರಡು ಉಳಿಸಿಕೊಳ್ಳುವ ಲೆಕ್ಕ ಇಲ್ಲಿಲ್ಲ. ಈಗ ಹನುಮನಹಳ್ಳಿಯ ಲೆಕ್ಕ ಹಾಕಿ. 200ರಲ್ಲಿ ಅರ್ಧ ಹೆಣ್ಣು ಅಂತಲೇ ಇಟ್ಟುಕೊಳ್ಳಿ. ಅದರಲ್ಲೂ ಎಲ್ಲವೂ ಹೆರುವ ವಯಸ್ಸಿನವಲ್ಲ. ಹುಟ್ಟಿದ್ದೆಲ್ಲ ಉಳಿಯುವುದೂ ಇಲ್ಲ. ಮರಿ ಹಾಕುವ ಹೊತ್ತಿನಲ್ಲಿ ಯಾರೋ ನಾಲ್ಕು ಜನ ಟಾರ್ಚ್ ಹಿಡಿದು ಒಳಗೆ ಹೋದರೆ ಒಂದು ವರ್ಷದ ಮರಿಗಳೇ ಹೋಗಬಹುದು.

ಅಪ್ಪ ಮತ್ತು ಬಂಡೆ

ನಮ್ಮಪ್ಪ ಕಲ್ಲು ಒಡೆಯುತ್ತಿದ್ದರು. ಬಂಡೆಯ ಮೇಲೆ ಸೌದೆ ಹಾಕಿ ಬೆಂಕಿ ಕೊಟ್ಟು, ಪದರ ಏಳಿಸಿ, ಉಳಿ ಸುತ್ತಿಗೆಯಿಂದ ಚಪ್ಪಡಿ ತೆಗೆಯುತ್ತಿದ್ದರು. ನಮ್ಮ ಮನೆಯ ಮುಂದಿನ ಜಗಲಿ ಕಲ್ಲು ಅವರೇ ತೆಗೆದದ್ದು. ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಕಲ್ಲಿನ ಕೂಲಿಯಲ್ಲಿ ನಾವು ಮೂರು ಮಕ್ಕಳು ಬೆಳೆದೆವು. ಹಾಗಾಗಿ ಕಲ್ಲು ಕೆಲಸದವರನ್ನು ಬೈಯಲು ನನ್ನ ಬಾಯಿ ಏಳುವುದಿಲ್ಲ.

ಆದರೆ ಅಪ್ಪನ ಕಾಲದ ಕೆಲಸ ಬೇರೆ, ಆಮೇಲಿನದು ಬೇರೆ. ಅಪ್ಪ ಗುಡ್ಡದ ಮೈಯಿಂದ ಸಿಪ್ಪೆ ತೆಗೆದರು. ಆಮೇಲೆ ಬಂದ ಯಂತ್ರಗಳು ಗುಡ್ಡವನ್ನೇ ತೆಗೆದವು. ಕೊರೆದು ಮದ್ದು ತುಂಬಿ ಸಿಡಿಸಿದರೆ ಮೈಲಿ ದೂರದ ನಮ್ಮ ಮನೆಯ ಪಾತ್ರೆ ಅಲುಗುತ್ತಿದ್ದವು. ಆ ಗುಡ್ಡದೊಳಗೇ ತಲೆಕೆಳಗಾಗಿ ನೇತಾಡಿಕೊಂಡಿರುವ ಜೀವಿಗೆ ಹೇಗಿರಬೇಕು? ಕೋಲಾರದ ಎಲೆಮೂಗಿನ ಬಾವಲಿಗೆ ಬಂದ ದೊಡ್ಡ ಆಪತ್ತು ಇದೇ ಗ್ರಾನೈಟ್ ಗಣಿಗಾರಿಕೆ. ನಮ್ಮ ಕಡೆಯ ಗವಿಗಳು ಸುಣ್ಣಕಲ್ಲಿನ ಗವಿಗಳಂತೆ ನೀರು ಕರಗಿಸಿ ಮಾಡಿದವಲ್ಲ. ಬಂಡೆ ಈರುಳ್ಳಿಯಂತೆ ಪದರ ಬಿಟ್ಟು, ಜಾರಿ, ಒಂದರ ಮೇಲೊಂದು ಒರಗಿ ಆದ ಸಂದುಗಳು. ಅದಕ್ಕೆ ಲಕ್ಷಾಂತರ ವರ್ಷ ಹಿಡಿದಿದೆ. ಒಂದು ಬಂಡೆ ಸರಿದರೆ ಗಾಳಿ ಬೇರೆ, ಬೆಳಕು ಬೇರೆ.

ಅಪ್ಪನಿಂದ ಕಲಿತ ಒಂದು ವಿಷಯ ಬಾವಲಿಯನ್ನು ಅರಿಯಲು ನನಗೆ ಸಹಾಯ ಮಾಡಿತು. ಉಳಿ ಇಡುವ ಮೊದಲು ಅಪ್ಪ ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ ಕಿವಿ ಕೊಡುತ್ತಿದ್ದರು. ಗಟ್ಟಿ ಬಂಡೆ ಗಂಟೆಯಂತೆ ಕೇಳುತ್ತದೆ. ಒಳಗೆ ಬಿರುಕಿದ್ದರೆ ಮಂಕು ಸದ್ದು. ಕಣ್ಣಿಗೆ ಕಾಣದ್ದನ್ನು ಸದ್ದು ಕಳಿಸಿ ತಿಳಿಯುವ ವಿದ್ಯೆ ಅದು. ಕೀಟ ತಿನ್ನುವ ಬಾವಲಿಯೂ ಅದನ್ನೇ ಮಾಡುತ್ತದೆ. ಎಲೆಮೂಗಿನವು ಬಾಯಿಂದಲ್ಲ, ಮೂಗಿನಿಂದ ಸದ್ದು ಬಿಡುತ್ತವೆ. ಮೂಗಿನ ಮೇಲಿನ ಎಲೆ ಆ ಸದ್ದನ್ನು ಬೇಕಾದ ಕಡೆಗೆ ತಿರುಗಿಸಲು. ಸದ್ದು ಎಷ್ಟು ಕೀಚಲು ಅನ್ನುವುದನ್ನು ಕಿಲೋಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಅದೇ ಹೆಚ್ಚು. ಕೋಲಾರದ ಎಲೆಮೂಗಿನದು ಕೂಗುವುದು 100 ಕಿಲೋಹರ್ಟ್ಸ್‌ಗೂ ಮೇಲೆ. ನಮಗೆ ಗವಿ ನಿಶ್ಶಬ್ದ. ಅವುಗಳಿಗೆ ಅದು ಸಂತೆ. ಹಾಗಂತ ಬಾವಲಿಗೆ ಕಣ್ಣು ಕಾಣುವುದಿಲ್ಲ ಅನ್ನುವುದು ಸುಳ್ಳು. ಕಾಣುತ್ತದೆ. ಅದಕ್ಕೇ ಟಾರ್ಚ್ ಬೆಳಕು ಬಿದ್ದರೆ ಕಂಗಾಲಾಗುತ್ತವೆ.

ಜಾಗ ಹುಡುಕುವುದು

ಹಗಲು ಹೊತ್ತು ಹೊರಗಿನಿಂದಲೇ ಹುಡುಕಿ. ನಮ್ಮ ಜಿಲ್ಲೆಯಂಥ ಕಲ್ಲುಗುಡ್ಡದ ಸೀಮೆಯಲ್ಲಿ ಬಂಡೆ ಸಂದು, ಪಾಳು ಗುಡಿ, ಕೋಟೆಯ ಕತ್ತಲೆ ಕೋಣೆ, ಮೆಟ್ಟಿಲು ಬಾವಿ, ಕೆರೆ ತೂಬಿನ ಹಳೇ ಕಟ್ಟಡ, ಎಲ್ಲ ಕಡೆ ಬಾವಲಿ ಇರುತ್ತವೆ. ಊರಿನ ಕುರಿ ಕಾಯುವವರನ್ನು ಕೇಳಿ. ಅವರಿಗೆ ಗೊತ್ತಿರದ ಸಂದು ಇಲ್ಲ. ಕೇಳುವಾಗ ಅವರ ಮಾತಿನಲ್ಲೇ ಕೇಳಿ. ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರು ಜಾಸ್ತಿ, ಅವರು ಗಬ್ಬಿಲಂ ಅನ್ನುತ್ತಾರೆ. ಕನ್ನಡದ ಹಳಬರು ಚಿಕ್ಕದಕ್ಕೆ ಕಣ್ಕಪ್ಪಡಿ ಅನ್ನುವುದೂ ಉಂಟು. ಬಾವಲಿ ಅಂದರೆ ಕೆಲವರು ಆಲದ ಮರದಲ್ಲಿ ನೇತಾಡುವ ದೊಡ್ಡದನ್ನೇ ತೋರಿಸಿ ಕಳಿಸುತ್ತಾರೆ.

ಮೂಗಿಗೆ ಒಂದು ಘಾಟು ವಾಸನೆ ಬಡಿದರೆ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಬಾಗಿಲ ಹತ್ತಿರ ನೆಲದಲ್ಲಿ ಹಿಕ್ಕೆ ಬಿದ್ದಿರುತ್ತದೆ. ಕೈಯಲ್ಲಿ ಮುಟ್ಟದೆ ಕಡ್ಡಿಯಿಂದ ಒತ್ತಿ ನೋಡಿ. ಇಲಿಯದಾದರೆ ಗಟ್ಟಿ. ಕೀಟ ತಿನ್ನುವ ಬಾವಲಿಯದಾದರೆ ಪುಡಿಪುಡಿಯಾಗುತ್ತದೆ. ಒಳಗೆ ಹುಳುಗಳ ರೆಕ್ಕೆ ಚೂರು ಮಿಣುಕುತ್ತವೆ. ಅದು ಸಿಕ್ಕರೆ ಅಲ್ಲಿಗೆ ಸಾಕು, ಹಿಂದೆ ಬನ್ನಿ. ಒಳಗೆ ಇಣುಕುವ ಕೆಲಸ ಇಲ್ಲ. ಒಳಗಿನ ಒಣ ಹಿಕ್ಕೆಯ ದೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಕಾಯಿಲೆ ಬರುವ ಅಪಾಯವೂ ಇದೆ.

ಗವಿಗೆ ಎಷ್ಟು ಬಾಯಿ ಇದೆ ಅಂತ ಹಗಲಲ್ಲೇ ಸುತ್ತು ಹಾಕಿ ನೋಡಿಕೊಳ್ಳಿ. ಇದು ಬಹಳ ಮುಖ್ಯ. ನಾನು ಮೊದಲ ಎರಡು ತಿಂಗಳು ಮುಂದಿನ ಬಾಯಿ ಮಾತ್ರ ಎಣಿಸಿದ್ದೆ. ಹಿಂದೆ, ಲಂಟಾನ ಪೊದೆಯ ಮರೆಯಲ್ಲಿ ಇನ್ನೊಂದು ಸಂದು ಇತ್ತು. ಆ ಎರಡು ತಿಂಗಳ ಲೆಕ್ಕ ಈಗಲೂ ನೋಟ್‌ಬುಕ್ಕಿನಲ್ಲಿದೆ, ಮೇಲೆ ಅಡ್ಡ ಗೆರೆ ಎಳೆದಿದ್ದೇನೆ. ಎರಡು ಬಾಯಿ ಇದ್ದರೆ ಇಬ್ಬರು ಬೇಕು. ಈಗ ನನ್ನ ಜೊತೆ ಪಕ್ಕದ ಮನೆಯ ಹುಡುಗಿ ಬರುತ್ತಾಳೆ, ಒಂಬತ್ತನೇ ಕ್ಲಾಸು. ಹಿಂದಿನ ಸಂದು ಅವಳದು. ಒಬ್ಬರೇ ಹೋಗಬೇಡಿ. ಗುಡ್ಡದ ಬುಡ, ಹಾವು ಚೇಳು ಇರುವ ಜಾಗ. ಚಿರತೆ ಓಡಾಡುವ ಕಡೆಯಾದರೆ ಅರಣ್ಯ ಇಲಾಖೆಯವರನ್ನು ಕೇಳದೆ ಕೂರಲೇಬೇಡಿ.

ಕೂರುವುದು, ಎಣಿಸುವುದು

ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ಹೋಗಿ ಕೂರಿ. ಅವು ಏಳುವ ಮೊದಲೇ ನೀವು ಅಲ್ಲಿನ ಕಲ್ಲಿನಂತೆ ಆಗಿಬಿಡಬೇಕು. ಬಾಯಿಗೆ ನೇರ ಎದುರಾಗಿ ಕೂರಬೇಡಿ, ಅದು ಅವುಗಳ ದಾರಿ. ಒಂದು ಪಕ್ಕಕ್ಕೆ, ಕೆಳಗೆ ಕೂರಿ. ತಲೆ ಎತ್ತಿದರೆ ಬಾಯಿಯ ಮೇಲಿನ ಆಕಾಶ ಕಾಣಬೇಕು. ಪಡುವಣ ಆಕಾಶ ಆದರೆ ಇನ್ನೂ ಒಳ್ಳೆಯದು, ಕೊನೆಯ ಬೆಳಕಿನಲ್ಲಿ ಕಪ್ಪು ಆಕಾರ ಚೆನ್ನಾಗಿ ಕಾಣುತ್ತದೆ. ಬಂಡೆಯ ಹಿನ್ನೆಲೆಯಲ್ಲಿ ಏನೂ ಕಾಣುವುದಿಲ್ಲ.

ಬೀಡಿ ಸಿಗರೇಟು ಬೇಡ. ಸೆಂಟು, ಸೊಳ್ಳೆ ಬತ್ತಿ ಬೇಡ. ತೋಳು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಮೊಬೈಲ್ ಆಫ್ ಮಾಡಿ ಚೀಲದಲ್ಲಿಡಿ. ಗಂಟೆ ನೋಡಲು ಒಂದು ಕೈಗಡಿಯಾರ ಸಾಕು. ಬರೆಯಲು ಬೆಳಕು ಬೇಕಾದರೆ ಸಣ್ಣ ಟಾರ್ಚಿಗೆ ಕೆಂಪು ಜಿಲಟಿನ್ ಕಾಗದ ಎರಡು ಪದರ ಸುತ್ತಿ, ನೋಟ್‌ಬುಕ್ಕಿನ ಮೇಲೆ ಮಾತ್ರ ಬಿಡಿ. ಗವಿಯ ಕಡೆ ಯಾವ ಬಣ್ಣದ ಬೆಳಕೂ ಬೇಡ.

ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆಗುವಾಗ ಮೊದಲನೆಯದು ಬಾಯಿಗೆ ಬರುತ್ತದೆ. ಬಂದು ಹಾರಿಹೋಗುವುದಿಲ್ಲ. ಒಂದು ಸುತ್ತು ಹಾಕಿ ಒಳಗೆ ಹೋಗುತ್ತದೆ. ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಬೆಳಕು ಎಷ್ಟಿದೆ ಅಂತ ನೋಡುವುದು ಅದು. ಡೇಗೆಗೆ ಸಿಗದಷ್ಟು ಕತ್ತಲಾಗಬೇಕು, ಆಗಲೇ ಧೈರ್ಯ. ಎಣಿಸುವವರು ತಪ್ಪುವುದು ಇಲ್ಲೇ. ಅದೇ ಬಾವಲಿಗೆ ಐದು ಗೆರೆ ಹಾಕಿಬಿಡುತ್ತಾರೆ. ನಾನು ಪುಟವನ್ನು ಎರಡು ಭಾಗ ಮಾಡುತ್ತೇನೆ. ಎಡಕ್ಕೆ ಹೊರಗೆ ಬಂದವು, ಬಲಕ್ಕೆ ಒಳಗೆ ಹೋದವು. ಕೊನೆಗೆ ಎಡದಿಂದ ಬಲವನ್ನು ಕಳೆದರೆ ಉತ್ತರ. ನಾಲ್ಕು ಗೆರೆ, ಐದನೆಯದು ಅಡ್ಡ. ಪ್ರತಿ ಐದು ನಿಮಿಷಕ್ಕೆ ಕೆಳಗೆ ಒಂದು ಗೀಟು ಹಾಕಿ ಹೊಸ ಸಾಲು ಶುರು ಮಾಡಿ. ಯಾವ ಐದು ನಿಮಿಷದಲ್ಲಿ ಜಾಸ್ತಿ ಬಂದವು ಅನ್ನುವುದು ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ.

ಹದಿನೈದು ನಿಮಿಷ ಒಂದೂ ಬರದಿದ್ದರೆ ಆವತ್ತಿನ ಎಣಿಕೆ ಮುಗಿಯಿತು. ಆದರೂ ತಕ್ಷಣ ಎದ್ದು ಟಾರ್ಚ್ ಹಾಕಬೇಡಿ. ಮರಿ ಇರುವ ಕಾಲದಲ್ಲಿ ತಾಯಿ ನಡುವೆ ವಾಪಸ್ಸು ಬಂದು ಹಾಲು ಕುಡಿಸಿ ಹೋಗುತ್ತದೆ. ಕತ್ತಲಲ್ಲೇ ಮೆಲ್ಲಗೆ ಹಿಂದೆ ಸರಿದು, ಕಾಲುದಾರಿಗೆ ಬಂದ ಮೇಲೆ ದೀಪ.

ಒಂದು ದಿನದ ಲೆಕ್ಕವನ್ನು ನಂಬಬೇಡಿ. ತಿಂಗಳಿಗೆ ಮೂರು ಸಂಜೆ, ಒಂದರ ಹಿಂದೊಂದು ಕೂರಿ. ಮೂರನ್ನೂ ಬರೆಯಿರಿ, ಚೆನ್ನಾಗಿ ಬಂದದ್ದನ್ನು ಮಾತ್ರ ಇಟ್ಟುಕೊಳ್ಳುವುದು ಬೇಡ. ಹುಣ್ಣಿಮೆಯ ಆಸುಪಾಸು ಬಿಡಿ. ಬೆಳದಿಂಗಳಲ್ಲಿ ಎಷ್ಟೋ ಬಾವಲಿಗಳು ತಡವಾಗಿ ಏಳುತ್ತವೆ, ಮರದ ನೆರಳಿನಲ್ಲೇ ಹೋಗುತ್ತವೆ. ಜೋರು ಮಳೆ, ಜೋರು ಗಾಳಿ ಇದ್ದರೂ ಬಿಡಿ. ಪುಟದ ತಲೆಯಲ್ಲಿ ತಾರೀಕು, ಸೂರ್ಯ ಮುಳುಗಿದ ಹೊತ್ತು, ಮೋಡ, ಗಾಳಿ, ಚಂದ್ರ, ಕೂತವರು ಯಾರು, ಇಷ್ಟು ಇರಲಿ. ಅಕ್ಕಪಕ್ಕ ಏನಾಯಿತು ಅನ್ನುವುದನ್ನೂ ಒಂದು ಸಾಲು ಬರೆಯಿರಿ. "ಟೊಮೆಟೊ ತೋಟಕ್ಕೆ ಔಷಧಿ ಹೊಡೆದರು." "ಮಂಟಪದಲ್ಲಿ ಅಡುಗೆ ಮಾಡಿದ್ದಾರೆ, ಹೊಗೆ." "ಕಂಬಕ್ಕೆ ಹೊಸ ಲೈಟು ಬಂತು." ನನ್ನ ನೋಟ್‌ಬುಕ್ಕಿನಲ್ಲಿ ಲೆಕ್ಕಕ್ಕಿಂತ ಈ ಸಾಲುಗಳೇ ಹೆಚ್ಚು ಕಥೆ ಹೇಳುತ್ತವೆ.

ಆ ಔಷಧಿಯ ಮಾತು ಬಂತಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಹೊಲದಲ್ಲಿ ಔಷಧಿ ಹೊಡೆದು ಗಾಳಿ ನಮ್ಮ ಹಿಪ್ಪುನೇರಳೆ ಸೊಪ್ಪಿಗೆ ತಂದರೆ ನನ್ನ ಹುಳು ಸಾಯುತ್ತವೆ. ಬಾವಲಿ ತಿನ್ನುವ ಹುಳುಹುಪ್ಪಟೆಯೂ ಅದೇ ಔಷಧಿಗೆ ಸಾಯುತ್ತವೆ, ಇಲ್ಲವೇ ವಿಷ ಹೊತ್ತು ಹಾರುತ್ತವೆ. ಕೀಟ ತಿನ್ನುವ ಬಾವಲಿ ಒಂದು ರಾತ್ರಿಗೆ ತನ್ನ ತೂಕದ ಅರ್ಧದಷ್ಟು ಹುಳ ತಿನ್ನಬಲ್ಲದು. ದುಡ್ಡು ಕೇಳದೆ ಹೊಲ ಕಾಯುವ ಆಳು. ಅದರ ಊಟಕ್ಕೇ ನಾವು ವಿಷ ಹಾಕುತ್ತಿದ್ದೇವೆ.

ಯಾವ ಬಾವಲಿ ಅಂತ ತಿಳಿಯುವುದು

ಸುಮ್ನೆ ನೋಡಿ ಜಾತಿಯ ಹೆಸರು ಹೇಳಲು ಆಗುವುದಿಲ್ಲ. ಭಾರತದಲ್ಲಿ 130ರ ಆಸುಪಾಸು ಜಾತಿಗಳಿವೆ. ಎಷ್ಟೋ ಎಲೆಮೂಗಿನವು ಕೈಯಲ್ಲಿ ಹಿಡಿದರೂ ಒಂದೇ ಥರ ಕಾಣುತ್ತವಂತೆ. ಆದರೆ ಹಾರುವ ರೀತಿಯಿಂದ ಗುಂಪು ತಿಳಿಯಬಹುದು. ಎಲ್ಲರಿಗಿಂತ ಮೊದಲು, ಇನ್ನೂ ಬೆಳಕಿರುವಾಗಲೇ ಬೀದಿಯಲ್ಲಿ ಚಿಟ್ಟೆಯಂತೆ ಸುಳಿಯುವ ಪುಟಾಣಿಗಳು ಪಿಪಿಸ್ಟ್ರೆಲ್ಲುಗಳು. ಹೆಂಚಿನ ಸಂದಿನಲ್ಲೂ ಇರುತ್ತವೆ. ಉದ್ದ ಕಿರಿದಾದ ರೆಕ್ಕೆ, ಮೇಲೆತ್ತರದಲ್ಲಿ ನೇರವಾಗಿ ಬಾಣದಂತೆ ಹೋದರೆ ಗೋರಿ ಬಾವಲಿ. ಹಗಲು ಅವು ಕಲ್ಲಿಗೆ ಹೊಟ್ಟೆ ಅಂಟಿಸಿಕೊಂಡು ಕೂರುತ್ತವೆ, ನೇತಾಡುವುದಿಲ್ಲ. ಕೆಳಗೆ, ಪೊದೆಯ ಎತ್ತರದಲ್ಲಿ, ನಿಧಾನಕ್ಕೆ ಪಟಪಟ ಅಂತ ತಿರುಗಾಡುತ್ತಾ ಹೋದರೆ ಎಲೆಮೂಗಿನದು ಇರಬಹುದು. ಒಳಗೆ ಅವು ಕಾಲಿನಿಂದ ನೇತು ಬೀಳುತ್ತವೆ, ಒಂದಕ್ಕೊಂದು ತಾಕದಂತೆ ನಡುವೆ ಜಾಗ ಬಿಟ್ಟುಕೊಂಡು. ದೊಡ್ಡ ರೆಕ್ಕೆ ಬಡಿತದ ಸದ್ದೇ ಕೇಳಿದರೆ ಹಣ್ಣು ತಿನ್ನುವ ಜಾತಿ. ಗವಿಯಲ್ಲಿ ಗೊಂಚಲು ಗೊಂಚಲಾಗಿ ಇರುವವೂ ಇವೆ.

ನಮ್ಮ ಗವಿಯದು ಏನು ಅಂತ ನನಗೆ ಮೂರು ವರ್ಷ ಗೊತ್ತಿರಲಿಲ್ಲ. ಆಮೇಲೆ ಬಾವಲಿ ಓದಿದ ಒಬ್ಬರು ಬಂದು ನನ್ನ ಗೋಣಿಯ ಮೇಲೇ ಕೂತು, ಬ್ಯಾಟ್ ಡಿಟೆಕ್ಟರ್ ಅನ್ನುವ ಪುಟ್ಟ ಯಂತ್ರ ಹಿಡಿದರು. ಕೇಳದ ಸದ್ದನ್ನು ಕೇಳುವಂತೆ ಇಳಿಸಿ ಕೊಡುವ ಯಂತ್ರ. ಅದುವರೆಗೆ ನಿಶ್ಶಬ್ದವಾಗಿದ್ದ ಸಂಜೆ ತುಂಬ ಚಿಲಿಪಿಲಿ. ನನ್ನ ಕಣ್ಣಲ್ಲಿ ನೀರು ಬಂತು. ಶ್ನೈಡರ್ ಎಲೆಮೂಗಿನ ಬಾವಲಿ ಅಂದರು. ದಕ್ಷಿಣದಲ್ಲಿ ಗುಡಿ, ಕೋಟೆಗಳಲ್ಲಿ ಇರುವ ಜಾತಿ, ಅಪರೂಪದ್ದಲ್ಲ. ಹನುಮನಹಳ್ಳಿಯದಕ್ಕೆ ದಾಯಾದಿ. ನನಗೆ ಬೇಸರ ಆಗಲಿಲ್ಲ. ಅಪರೂಪದ್ದಲ್ಲದ್ದನ್ನು ಅಪರೂಪ ಆಗದಂತೆ ನೋಡಿಕೊಳ್ಳುವುದೂ ಕೆಲಸವೇ ಅಲ್ವಾ. ತೇರಹಳ್ಳಿಯಲ್ಲೂ ಒಂದು ಕಾಲಕ್ಕೆ ಬಾವಲಿ ಇದ್ದವು.

ನಾನು ಮಾಡಿದ ತಪ್ಪು

ಇದನ್ನು ಹೇಳದೆ ಮೇಲಿನದೆಲ್ಲ ಹೇಳುವ ಹಕ್ಕು ನನಗಿಲ್ಲ.

ಎಣಿಸಲು ಶುರು ಮಾಡಿ ಎರಡನೇ ವರ್ಷ, ಮೇ ತಿಂಗಳು. ಬೆಂಗಳೂರಿನಿಂದ ತಂಗಿಯ ಮಕ್ಕಳು ಬಂದಿದ್ದರು. "ದೊಡ್ಡಮ್ಮ, ನಿನ್ನ ಬಾವಲಿ ತೋರಿಸು" ಅಂತ ಹಟ. ಹಗಲು ಹನ್ನೊಂದು ಗಂಟೆಗೆ ಕರೆದುಕೊಂಡು ಹೋದೆ. ಒಂದೇ ನಿಮಿಷ ಅಂದುಕೊಂಡೆ. ಮೊಬೈಲ್ ಟಾರ್ಚ್ ಹಾಕಿದರು, ಚಿಕ್ಕವನು ಕೂಗಿದ. ಇಡೀ ಗವಿ ಒಮ್ಮೆಗೇ ಎದ್ದಿತು. ನಮ್ಮ ಮುಖದ ಮೇಲೆ ಗಾಳಿ, ಎಲ್ಲ ಕಡೆ ರೆಕ್ಕೆ. ಕೆಲವು ಬಿಸಿಲಿಗೇ ಹಾರಿಹೋದವು, ಕಾಗೆಗಳು ಅಟ್ಟಿಸಿಕೊಂಡು ಹೋದವು. ನಾವು ಓಡಿ ಹೊರಗೆ ಬಂದೆವು. ಬರುವಾಗ ನೆಲದಲ್ಲಿ ನೋಡಿದೆ. ಎರಡು ಮರಿ. ಕೂದಲಿಲ್ಲದ, ಹುರುಳಿಕಾಯಿಯಷ್ಟು ಸಣ್ಣ ಜೀವ. ತಾಯಿಯ ಎದೆಗೆ ಕಚ್ಚಿಕೊಂಡಿದ್ದವು, ಗಾಬರಿಯ ಹಾರಾಟದಲ್ಲಿ ಬಿದ್ದಿದ್ದವು.

ಅದಕ್ಕೆ ಹಿಂದಿನ ವಾರದ ಲೆಕ್ಕ 138. ಆವತ್ತು ಸಂಜೆ 61. ಮಾರನೇ ದಿನ 58. ನೂರು ದಾಟಲು ಒಂದು ವರ್ಷದ ಮೇಲೆ ಹಿಡಿಯಿತು. ಇವತ್ತಿಗೂ 138 ಆಗಿಲ್ಲ.

ಹಾಗಾಗಿ ಕೋಲಾರದ ಪಕ್ಕದ ಅಂತರಗಂಗೆ ಬೆಟ್ಟದ ಕಡೆ ರಾತ್ರಿ ಗವಿಗಳಿಗೆ ನುಸುಳಲು ಬೆಂಗಳೂರಿನಿಂದ ಬರುವ ಮಕ್ಕಳನ್ನು ಕಂಡರೆ ನನಗೆ ಕೋಪ ಬರುವುದಿಲ್ಲ. ಅವರಿಗೆ ಯಾರೂ ಹೇಳಿಲ್ಲ. ನೀವು ಹೋಗುವ ಸಂದಿನಲ್ಲಿ ಹಿಕ್ಕೆಯ ವಾಸನೆ ಬಂದರೆ ಅಲ್ಲಿಂದಲೇ ತಿರುಗಿ. ಅಷ್ಟು ಮಾಡಿ ಸಾಕು.

ಮುಟ್ಟಬೇಡಿ, ಹೆದರಬೇಡಿ

ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಬಿದ್ದಿದ್ದರೂ. ಕಚ್ಚಿದರೆ, ಪರಚಿದರೆ ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಹಕ್ಕಿಯೋ ಬಾವಲಿಯೋ ಕಚ್ಚಿದ ಹಣ್ಣು ತಿನ್ನಬೇಡಿ. 2018ರಲ್ಲಿ ಕೇರಳದಲ್ಲಿ ಹಣ್ಣು ತಿನ್ನುವ ಬಾವಲಿಯಿಂದ ಹರಡುವ ನಿಫಾ ರೋಗ ಬಂದಾಗ ನಮ್ಮೂರಿನ ಕೆಲವರು ಆಲದ ಮರದ ಬಾವಲಿಗಳಿಗೆ ಬೆಂಕಿ ಇಡಲು ಹೊರಟಿದ್ದರು. ಹೊಡೆದು ಓಡಿಸಿದರೆ ರೋಗ ಹೋಗುವುದಿಲ್ಲ. ಹೆದರಿದ ಬಾವಲಿ ಇನ್ನೊಂದು ಊರಿಗೆ ಹೋಗುತ್ತದೆ ಅಷ್ಟೇ. ಮುಟ್ಟದೆ, ಕೆಣಕದೆ ಇದ್ದರೆ ನಮಗೂ ಕ್ಷೇಮ ಅವಕ್ಕೂ ಕ್ಷೇಮ.

ಮನೆಯೊಳಗೆ ಬಂದರೆ ಫ್ಯಾನ್ ನಿಲ್ಲಿಸಿ. ದೀಪ ಆರಿಸಿ. ಕಿಟಕಿ ಬಾಗಿಲು ತೆಗೆದು ನೀವು ಹೊರಗೆ ಹೋಗಿ. ಹತ್ತು ನಿಮಿಷದಲ್ಲಿ ದಾರಿ ಹುಡುಕಿಕೊಳ್ಳುತ್ತದೆ. ಪೊರಕೆ ಬೇಡ. ರಾತ್ರಿ ಮಲಗಿದ್ದವರ ಕೋಣೆಯಲ್ಲಿ, ಚಿಕ್ಕ ಮಕ್ಕಳ ಹತ್ತಿರ ಕಂಡಿದ್ದರೆ ಮಾತ್ರ ಡಾಕ್ಟರಿಗೆ ಒಂದು ಮಾತು ಹೇಳಿ.

ಉಬ್ಬಸಕ್ಕೆ ಬಾವಲಿ ಮಾಂಸ ಮದ್ದು ಅನ್ನುವ ಮಾತು ಇನ್ನೂ ಇದೆ. ಮದ್ದಲ್ಲ. ಹಿಡಿದು ಕೊಯ್ಯುವವರಿಗೇ ರೋಗ ತಗಲುವ ಅಪಾಯ. ಉಬ್ಬಸ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಒಳ್ಳೆಯ ಔಷಧಿ ಇದೆ.

1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಇಲಿ ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿಟ್ಟಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಐವತ್ತು ವರ್ಷ ಹಿಡಿಯಿತು ನೋಡಿ.

ಲೆಕ್ಕವನ್ನು ಏನು ಮಾಡುವುದು

ಒಂದು ವರ್ಷದ ಪುಟಗಳು ಆದ ಮೇಲೆ ಒಂದು ಹಾಳೆಯಲ್ಲಿ ತಿಂಗಳುವಾರು ಬರೆದು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮುಂದೆ ಯಾರಾದರೂ ಆ ಗುಡ್ಡಕ್ಕೆ ಕಲ್ಲು ತೆಗೆಯಲು ಅರ್ಜಿ ಹಾಕಿದರೆ, ಅಲ್ಲಿ ಏನೂ ಇರಲಿಲ್ಲ ಅನ್ನಲು ಆಗುವುದಿಲ್ಲ. ನನ್ನ ಪಾಲಿಗೆ ಎಣಿಕೆಯ ದೊಡ್ಡ ಉಪಯೋಗ ಇದೇ. ಬಾವಲಿ ಮೇಲೆ ಕೆಲಸ ಮಾಡುವವರು ಸಿಕ್ಕರೆ ಅವರಿಗೂ ತೋರಿಸಿ. ಊರಿನ ಶಾಲೆಯಲ್ಲಿ ಒಂದು ಪ್ರತಿ ಇರಲಿ.

ಆದರೆ ಜಾಗದ ಗುರುತನ್ನು ಫೇಸ್‌ಬುಕ್ಕಿಗೆ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಫೋಟೋ ತೆಗೆದಿದ್ದರೆ ಅದರಲ್ಲಿ ಲೊಕೇಶನ್ ಸೇರಿಕೊಂಡಿರುತ್ತದೆ, ತೆಗೆದುಹಾಕಿ. ಜೀವಿಗಳ ಫೋಟೋ ಹಾಕುವ ಜಾಲತಾಣ ಐನ್ಯಾಚುರಲಿಸ್ಟ್‌ನಲ್ಲಿ ಹಾಕುವುದಾದರೆ ಜಾಗ ಮಸುಕು ಮಾಡುವ ಆಯ್ಕೆ ಇದೆ, ಅದನ್ನೇ ಹಾಕಿ. ನಮ್ಮೂರಿನ ಹೆಸರನ್ನು ನಾನೂ ಇಲ್ಲಿ ಎಲ್ಲೂ ಬರೆದಿಲ್ಲ.

ದೀಪಾವಳಿಗೆ ಮುಂಚೆ ಗವಿಯ ಹತ್ತಿರದ ಮನೆಗಳಿಗೆ ಹೋಗಿ, ಆ ಕಡೆ ಪಟಾಕಿ ಹೊಡೆಯಬೇಡಿ ಅಂತ ಕೇಳಿಕೊಳ್ಳಿ. ಕೇಳಿದರೆ ಕೊಡುತ್ತಾರೆ. ಹೋದ ವರ್ಷ ಒಂದು ಮನೆಯವರು ಮಕ್ಕಳನ್ನೆಲ್ಲ ಕೆರೆ ಏರಿಗೆ ಕರೆದುಕೊಂಡು ಹೋಗಿ ಪಟಾಕಿ ಹಚ್ಚಿಸಿದರು.

ನಿನ್ನೆ ಸಂಜೆ ಮೋಡ ಇರಲಿಲ್ಲ, ಗಾಳಿ ಇರಲಿಲ್ಲ. ಮೊದಲನೆಯದು ಆರು ಐವತ್ತೆರಡಕ್ಕೆ. ಮುಂದಿನ ಬಾಯಿಂದ ಹೊರಗೆ 97, ಒಳಗೆ 12. ಹಿಂದಿನ ಸಂದಿನಿಂದ ಹುಡುಗಿಯ ಲೆಕ್ಕ ಹೊರಗೆ 41, ಒಳಗೆ 3. ಅವಳು ಕೂಡಿ ಕಳೆದು ನೋಡಿ, ಪೆನ್ನು ಕಚ್ಚಿಕೊಂಡು, ಇನ್ನೊಂದು ಸಲ ಕಳೆದಳು. 123. ಇವತ್ತೂ ನಾಳೆಯೂ ಕೂರಬೇಕು. ಮೂರು ಸಂಜೆ ಆಗದೆ ನಂಬುವಂತಿಲ್ಲ.